ಓನರಮ್ಮನ ‘ಲಿವರ್’ ಡ್ಯೂಟಿ

ಕಳೆದ ಭಾನುವಾರ ಬೆಳಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ. ಪಕ್ಕದ ಮನೆಯ ಅಡುಗೆಮನೆಯಿಂದ ಎಳ್ಳು ಹುರಿಯುವ ವಾಸನೆ ಬಂತು. ಬಿಳಿ ಎಳ್ಳಲ್ಲ, ಕಪ್ಪಗೆ ಸಣ್ಣಗೆ ಇರುತ್ತದಲ್ಲ, ಚಟ್ನಿಪುಡಿಗೆ ಹಾಕುವುದು, ಅದು. ಬಾಣಲೆಯಲ್ಲಿ ಚಟಪಟ ಸಿಡಿಯುವಾಗ ಸ್ವಲ್ಪ ಕಮಟು, ಸ್ವಲ್ಪ ಹೊಗೆ ಸೇರಿದ ಒಂದು ಘಾಟು ಬರುತ್ತದೆ. ಒದ್ದೆ ಟವೆಲ್ಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ...

“ಏನಮ್ಮಾ ಅದು, ಏನೋ ಸೀದ್ಹೋದಂಗಿದೆ?” ಎಂದು ಮಗಳು ಓಡಿಬಂದಳು.

“ಸೀದಿಲ್ಲ ಕಣೇ, ಗುರೆಳ್ಳು ಹುರೀತಿದಾರೆ” ಎಂದೆ.

ಅದು ಪಕ್ಕದ ಮನೆಯಾಕೆಗೆ ಕೇಳಿಸಿತು. ಕಿಟಕಿಯಿಂದ ತಲೆ ಹಾಕಿ, “ಗುರೆಳ್ಳು ಅಂತೀರಲ್ಲ, ನೀವು ಹುಬ್ಬಳ್ಳಿ ಕಡೆಯೋರಾ? ನಾವೆಲ್ಲ ಹುಚ್ಚೆಳ್ಳು ಅನ್ನೋದು” ಎಂದರು. ನಕ್ಕು ಏನೋ ಹೇಳಿ ಒಳಗೆ ಬಂದೆ.

ನಾವು ಹುಬ್ಬಳ್ಳಿಯವರಲ್ಲ, ಮಧುಗಿರಿ ಕಡೆಯವರು. ಮಾತು ಕಲಿತಾಗಿನಿಂದ ಹುಚ್ಚೆಳ್ಳು ಎಂದೇ ಹೇಳಿಕೊಂಡು ಬೆಳೆದವರು. ಆದರೆ ನಮ್ಮ ಮನೆಯಿಂದ ಆ ಪದ ಹೊರಟುಹೋಗಿ ವರ್ಷಗಳೇ ಆದವು. ಅದನ್ನು ಹೊರಗೆ ಹಾಕಿದವರು ನಾವಲ್ಲ. ಬೆಂಗಳೂರಿನ ಲಗ್ಗೆರೆಯಲ್ಲಿ ನಾವು ಬಾಡಿಗೆಗಿದ್ದ ವಠಾರದ ಯಜಮಾನಿ. ವಠಾರದ ಸಣ್ಣವರಿಗೂ ದೊಡ್ಡವರಿಗೂ ಅವರು ಓನರಮ್ಮ. ಅವರಿಗೆ ಬೇರೆ ಹೆಸರೊಂದು ಇದೆ ಎನ್ನುವುದೇ ನನಗೆ ಬಹಳ ದಿನ ಹೊಳೆದಿರಲಿಲ್ಲ.

ಓನರಮ್ಮ ಆ ಊರಿನ ಮೂಲದವರು. ಪೀಣ್ಯದ ಫ್ಯಾಕ್ಟರಿಗಳು ಬೆಳೆದು ಲಗ್ಗೆರೆ ತುಂಬಿಕೊಂಡ ಮೇಲೆ ಅವರ ರಾಗಿ ಹೊಲದಲ್ಲಿ ಎದುರುಬದುರು ಎರಡು ಸಾಲು ಶೀಟಿನ ಮನೆಗಳು ಎದ್ದಿದ್ದವು. “ನೀನ್ ಸ್ಟೌ ಇಟ್ಟಿದ್ದೀಯಲ್ಲವ್ವಾ, ಅಲ್ಲೇ ಕಣೆ ನಮ್ಮತ್ತೆ ಕಣ ಮಾಡ್ತಿದ್ದುದ್ದು” ಎಂದು ನನಗೆ ಆಗಾಗ ಹೇಳುತ್ತಿದ್ದರು. ಅದರ ಅರ್ಥ ಸ್ಟೌ ಸುತ್ತ ಗಲೀಜು ಮಾಡಬೇಡ ಎಂದು. ನೈಟಿಯ ಮೇಲೊಂದು ಟವೆಲ್ಲು ಹೊದ್ದು ಬೆಳಗ್ಗೆಯೇ ಅಂಗಳಕ್ಕೆ ಇಳಿದರೆ ನೀರು, ಪಾತ್ರೆ, ಚಪ್ಪಲಿ, ಬಟ್ಟೆ ಒಣಗಿಸುವ ತಂತಿ, ಎಲ್ಲದಕ್ಕೂ ಅವರದೊಂದು ಕೂಗು ಇರುತ್ತಿತ್ತು. ನಾನೂ ಸುಮ್ಮನಿರುವ ಜಾತಿಯವಳಲ್ಲ. ತಂತಿಯ ವಿಷಯದಲ್ಲಿ ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ. ಅವರನ್ನು ದೇವತೆ ಎಂದು ಬರೆದರೆ ಆ ವಠಾರದಲ್ಲಿ ಇದ್ದವರು ಯಾರೂ ನಂಬುವುದಿಲ್ಲ.

ಅವರಿಗೊಂದು ಖಯಾಲಿ ಇತ್ತು. ಬಾಡಿಗೆಯವರಲ್ಲಿ ಹೆಚ್ಚಿನವರು ಫ್ಯಾಕ್ಟರಿಯವರೇ ಆದ್ದರಿಂದ ಅವರ ಬಾಯಿಂದ ಉದುರಿದ ಇಂಗ್ಲಿಷ್ ಪದಗಳನ್ನೆಲ್ಲ ಹೆಕ್ಕಿಕೊಂಡು ತಮ್ಮ ಮಾತಿಗೆ ಸೇರಿಸಿಕೊಳ್ಳುತ್ತಿದ್ದರು. ಸೂಪರ್‌ವೈಸರ್ ಅವರ ಬಾಯಲ್ಲಿ ಸೂಪ್ರೈಜರ್. ಇನ್‌ಚಾರ್ಜ್ ಎನ್ನುವವರು ಇಂಚಾರ್ಜಣ್ಣ. ಸೊಸೆ ಅಡುಗೆಗೆ ತಡ ಮಾಡಿದರೆ “ಇವತ್ತು ನಿಂಗೆ ಆಫ್‌ಡೇ ಕಣೆ, ಅರ್ಧ ಸಂಬ್ಳ” ಎನ್ನುತ್ತಿದ್ದರು. ಯಾರಾದರೂ ತಿದ್ದಲು ಹೋದರೆ, “ನಿಮ್ ಕಂಪ್ನಿ ಮಾತು, ನನ್ ಬಾಯಿ. ನಿಂಗ್ಯಾಕೆ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಇನ್ನು ನನ್ನ ಅಣ್ಣನ ವಿಷಯ ಹೇಳಬೇಕು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ನನ್ನನ್ನು ಬೆಂಗಳೂರಿಗೆ ಕರೆತಂದು ಓದಿಸಿದವನು ಅವನೇ. ಪೀಣ್ಯ ಎರಡನೇ ಹಂತದ ಒಂದು ಕಂಪನಿಯಲ್ಲಿ ಮಿಷಿನ್ ಆಪರೇಟರ್ ಆಗಿದ್ದ. ಮಿತವಾದ ಮಾತು, ಅಚ್ಚುಕಟ್ಟಾದ ಕೆಲಸ. ಶಿಫ್ಟ್ ಮುಗಿಸಿ ಬಂದು ಸೋಪು ಹಾಕಿ ಎಷ್ಟು ಉಜ್ಜಿದರೂ ಅವನ ಉಗುರಿನ ಸಂದಿಯ ಎಣ್ಣೆ ಹೋಗುತ್ತಿರಲಿಲ್ಲ. ಆ ಕಂಪನಿ ಒಂದು ದಿನ ಬಾಗಿಲು ಹಾಕಿತು. ಅಂಥದ್ದು ಪೀಣ್ಯದಲ್ಲಿ ಹೊಸದಲ್ಲ, ಜನ ಪಕ್ಕದ ಗೇಟಿಗೆ ಹೋಗಿ ಕೆಲಸ ಕೇಳುತ್ತಾರೆ. ಅಣ್ಣ ಕೇಳಲಿಲ್ಲ. ಮನೆಯಲ್ಲೇ ಕುಳಿತ. ನಿದ್ದೆ ಬಿಟ್ಟ. ಗೋಡೆಗೆ ಕಿವಿ ಇಟ್ಟು, “ಮಿಷಿನ್ ಸೌಂಡ್ ಬರ್ತಿದೆ, ನಿಂಗೆ ಕೇಳಿಸ್ತಿಲ್ವಾ?” ಎನ್ನುತ್ತಿದ್ದ. ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಮದುವೆ ಮಾಡಿ ಎಂದರು, ತಾಯಿತ ಕಟ್ಟಿಸಿ ಎಂದರು. ತಾಯಿತ ಕಟ್ಟಿಸಿದೆವು ಕೂಡ. ಅದೊಂದು ಕಾಯಿಲೆ, ಅದಕ್ಕೆ ಔಷಧ ಇದೆ ಎಂದು ಹೇಳಿದವರು ಆಗ ಯಾರೂ ಇರಲಿಲ್ಲ.

ಒಂದು ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವನು ಮನೆಯಲ್ಲಿರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಠಾಣೆಗೆ ಹೇಳಿದೆ, ಯಶವಂತಪುರದ ರೈಲು ನಿಲ್ದಾಣದಲ್ಲಿ ಫೋಟೋ ತೋರಿಸಿಕೊಂಡು ತಿರುಗಿದೆ. ಕೊನೆಗೆ ಅವನನ್ನು ಕಂಡವರು ನಮ್ಮ ಎದುರು ಮನೆಯ ಆಟೋದವರು. ಅವರು ಹಿಂದೆ ಕುಡಿದು ಕುಡಿದು ಬೀದಿಗೆ ಬಿದ್ದಿದ್ದವರು. ಕುಡಿತ ಬಿಟ್ಟವರೆಲ್ಲ ಭಾನುವಾರ ಒಂದು ಶಾಲೆಯ ಕೊಠಡಿಯಲ್ಲಿ ಸೇರಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಸಭೆಯೊಂದಿದೆ. ಅದಕ್ಕೆ ಹೋಗಲು ಶುರುಮಾಡಿದ ಮೇಲೆ ಗ್ಲಾಸು ಮುಟ್ಟಿರಲಿಲ್ಲ. ಬೀದಿಯಲ್ಲಿ ಮಲಗಿದವರ ಮುಖ ನೋಡಿಕೊಂಡೇ ಗಾಡಿ ಓಡಿಸುವ ಅಭ್ಯಾಸ ಅವರಿಗೆ. “ಸಿಸ್ಟರ್, ನಿಮ್ಮಣ್ಣ ಹಳೇ ಕಂಪ್ನಿ ಗೇಟ್ ಎದ್ರುಗಿರೋ ಬಸ್ ಸ್ಟಾಪಲ್ಲಿದಾರೆ” ಎಂದು ಫೋನು ಮಾಡಿದರು.

ಓಡಿದೆ. ಗಡ್ಡ ಬೆಳೆದಿತ್ತು. ಅಂಗಿ ಮೈಗೆ ಅಂಟಿಕೊಂಡಿತ್ತು. ಬೀಗ ಬಿದ್ದ ಗೇಟನ್ನು ನೋಡುತ್ತಾ ಸಿಮೆಂಟು ಕಟ್ಟೆಯ ಮೇಲೆ ನೆಟ್ಟಗೆ ಕುಳಿತಿದ್ದ. “ಬಾ ಅಣ್ಣಾ, ಮನೆಗೆ ಹೋಗೋಣ” ಎಂದು ಕೈ ಹಿಡಿದೆಳೆದೆ. ಅವನು ಕೈ ಬಿಡಿಸಿಕೊಂಡು ಹೇಳಿದ ಮಾತು ಇದು: “ಹೆಂಗ್ ಬರ್ಲಿ ಹೇಳು? ರಿಲೀವರ್ ಬಂದಿಲ್ಲ ಕಣೇ.”

ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಓಡುತ್ತಿರುವ ಮಿಷಿನ್ ಬಿಟ್ಟು ಏಳುವಂತಿಲ್ಲ. ಮುಂದಿನ ಶಿಫ್ಟಿನವನು ಬಂದು ಪಕ್ಕದಲ್ಲಿ ನಿಂತ ಮೇಲೆ ಇವನು ಹೊರಡಬೇಕು. ಹಾಗೆ ಬಿಡಿಸಲು ಬರುವವನು ರಿಲೀವರ್. ಅವನು ಬರದಿದ್ದರೆ ಇವನೇ ಮತ್ತೊಂದು ಶಿಫ್ಟು ಎಳೆಯಬೇಕು. ಅಣ್ಣ ಕೆಲಸದಲ್ಲಿದ್ದಾಗ ಎಷ್ಟೋ ಸಲ ಹಾಗೆ ಎಳೆದು ಬಂದು ಮಲಗಿದ್ದನ್ನು ನಾನೇ ನೋಡಿದ್ದೇನೆ. ಈಗ ಅವನ ತಲೆಯೊಳಗೆ ಆ ಮಿಷಿನ್ ಓಡುತ್ತಲೇ ಇತ್ತು. ಸುತ್ತಲ ಫ್ಯಾಕ್ಟರಿಗಳ ಸೈರನ್ ಕೂಗಿದಾಗಲೆಲ್ಲ ಎದ್ದು ನಿಂತು ರಸ್ತೆಯ ಎರಡೂ ಕಡೆ ನೋಡುತ್ತಿದ್ದ, ಯಾರಾದರೂ ಬಂದರಾ ಎಂದು. ಕೆಲವು ಸಲ ಲಾರಿಗಳ ನಡುವೆ ರಸ್ತೆಗೇ ಇಳಿದುಬಿಡುತ್ತಿದ್ದ.

ಕಂಪನಿ ಮುಚ್ಚಿದೆ ಎಂದು ಹೇಳಿದೆ. ಬೀಗ ತೋರಿಸಿದೆ. ಅತ್ತೆ. ಬೈದೆ. ಊರಿನಿಂದ ಬಂದ ಚಿಕ್ಕಪ್ಪ ಎತ್ತಿ ಆಟೋಗೆ ಹಾಕಲು ನೋಡಿ ಅಂಗಿ ಹರಿಸಿಕೊಂಡರು. “ವಾದ ಮಾಡ್ಬೇಡಿ ಸಿಸ್ಟರ್, ಎಳೀಲೂಬೇಡಿ. ನನ್ನನ್ನ ಎಳೆದಷ್ಟೂ ನಾನ್ ಕುಡೀತಿದ್ದೆ” ಎಂದರು ಆಟೋದವರು. ಹಾಗಾದರೆ ಏನು ಮಾಡಬೇಕು ಎಂದರೆ ಅವರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಗೇಟಿನ ಸೆಕ್ಯೂರಿಟಿ ಬಂದು, ತಮ್ಮ ಕಂಪನಿಯವರು ಇವನನ್ನು ಎತ್ತಿಸಲು ಯಾವುದೋ ವ್ಯಾನು ಕರೆಸುವವರಿದ್ದಾರೆ, ಎಲ್ಲಿಗೆ ತೆಗೆದುಕೊಂಡು ಹೋಗಿ ಬಿಡುತ್ತಾರೋ ತನಗೆ ತಿಳಿಯದು, ಬೇಗ ಏನಾದರೂ ಮಾಡಿ ಎಂದ. ಒಂದು ಸಲ ಈ ಜಾಗದಿಂದ ತಪ್ಪಿಹೋದರೆ ಇಷ್ಟು ದೊಡ್ಡ ಊರಿನಲ್ಲಿ ಇನ್ನೆಲ್ಲಿ ಹುಡುಕಲಿ ಎಂಬ ಭಯ ನನ್ನನ್ನು ಹಿಡಿಯಿತು.

ಆ ಸಂಜೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು ಅಳುತ್ತಾ ನಿಂತಿದ್ದೆ. ಬಿಂದಿಗೆ ತುಂಬಿ ನೀರು ಹರಿಯುತ್ತಿತ್ತು. ಓನರಮ್ಮ ಬಂದು ನಲ್ಲಿ ನಿಲ್ಲಿಸಿದರು. ನೀರು ಪೋಲು ಮಾಡಿದ್ದಕ್ಕೆ ಬೈಗುಳ ಬೀಳುತ್ತದೆ ಎಂದುಕೊಂಡೆ.

“ನಿಮ್ಮಣ್ಣ ಅದೇನೋ ಬರ್ಲಿ ಬರ್ಲಿ ಅಂತಾನಂತಲ್ಲ, ಅದೇನವ್ವಾ ಅದು?”

ನಾನು ಮುಖ ಗಂಟು ಹಾಕಿಕೊಂಡೇ ವಿವರಿಸಿದೆ. ಅವರು ಎಲ್ಲ ಕೇಳಿ, “ಅಷ್ಟೇನಾ?” ಎಂದರು. ಆ ‘ಅಷ್ಟೇನಾ’ ಕೇಳಿ ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಬೆಳಗ್ಗೆ ನಾನು ಆಟೋ ಹತ್ತುವಾಗ ಓನರಮ್ಮ ಒಳಗೆ ಕುಳಿತಿದ್ದರು. ಜರಿ ಅಂಚಿನ ಸೀರೆ, ತಲೆಗೆ ಹೂವು, ತೊಡೆಯ ಮೇಲೆ ಟಿಫನ್ ಡಬ್ಬಿ, ಕಂಕುಳಲ್ಲಿ ಬ್ಯಾಗು, ಕೈಯಲ್ಲಿ ಛತ್ರಿ. ಮದುವೆಗೆ ಹೊರಟಂತಿತ್ತು.

“ಎಲ್ಲಿಗಮ್ಮಾ?” ಎಂದೆ.

“ಡ್ಯೂಟಿಗೆ. ಡ್ಯೂಟಿಗೆ ಓಗೋಳು ನೈಟಿ ಆಕ್ಕೊಂಡ್ ಓಗಾಕಾಯ್ತದಾ?”

ಬಸ್ ಸ್ಟಾಪಿನಲ್ಲಿ ಇಳಿದು ನೇರವಾಗಿ ಹೋಗಿ ಅಣ್ಣನ ಪಕ್ಕ ಕುಳಿತರು. ಸೆರಗಿನಿಂದ ಬೆವರು ಒರೆಸಿಕೊಂಡರು. ಆಮೇಲೆ ಗಂಭೀರವಾಗಿ, “ಏನಪ್ಪಾ, ನಿನ್ ಲಿವರ್ರು ನಾನೇ. ಬಂದಿವ್ನಿ. ನೀನಿನ್ನ ಎದ್ದೋಗು” ಎಂದರು.

ಅಣ್ಣ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ಅವನು ನಮ್ಮ ಯಾರ ಮುಖವನ್ನೂ ಹಾಗೆ ನೋಡಿ ತಿಂಗಳುಗಳಾಗಿದ್ದವು.

“ಲಿವರ್ ಅಲ್ಲಮ್ಮ... ರಿಲೀವರ್” ಎಂದ.

“ಅದೇ ಕಣಪ್ಪ. ಲಿವರ್ರು.”

“ಲಿವರ್ ಹೊಟ್ಟೇಲಿರೋದು.”

“ನಂದು ಅಲ್ಲೂ ಇಲ್ಲ ಗುರು, ಕುಡ್ದು ಕುಡ್ದು ಯಾವತ್ತೋ ಮುಗ್ಸಿದೀನಿ” ಎಂದರು ಆಟೋದವರು ಹಿಂದಿನಿಂದ. ಅಣ್ಣನ ಗಡ್ಡದೊಳಗೆ ತುಟಿ ಸ್ವಲ್ಪ ಅಲುಗಿತು. ಅದು ನಗು ಹೌದೋ ಅಲ್ಲವೋ, ನಾನಂತೂ ನಗು ಎಂದೇ ಇಟ್ಟುಕೊಂಡಿದ್ದೇನೆ.

“ನಿಮ್ಗೆ ಮಿಷಿನ್ ಬರುತ್ತಾ?” ಎಂದು ಅವನು ಕೇಳಿದ.

“ಬರಾಕಿಲ್ಲ. ನೀನ್ ಯೋಳ್ಕೊಡು. ಗೇಯಾಕೆ ಬತ್ತದೆ ನಂಗೆ, ಸೋಮಾರಿ ಅಲ್ಲ.”

ಅಣ್ಣ ಹೇಳಿಕೊಟ್ಟ. ಜಾಬ್ ಎನ್ನುವ ಕಬ್ಬಿಣದ ತುಂಡನ್ನು ಹೇಗೆ ಹಾಕಬೇಕು, ಅದನ್ನು ತಣ್ಣಗಿಡುವ ಕೂಲೆಂಟ್ ನೀರು ನಿಲ್ಲದಂತೆ ಹೇಗೆ ನೋಡಬೇಕು, ಸದ್ದು ಬದಲಾದರೆ ಏನು ಮಾಡಬೇಕು. ಓನರಮ್ಮ ತಲೆಯಾಡಿಸುತ್ತಾ ಕೇಳಿ, ಕೆಟ್ಟರೆ ಯಾರನ್ನು ಕರೆಯಲಿ ಎಂದು ಒಂದು ಪ್ರಶ್ನೆಯನ್ನೂ ಹಾಕಿದರು. ಅದಾದ ಮೇಲೆ ಅವನು ಎದ್ದ. ಟೀ ಅಂಗಡಿಯ ಹಿಂದಿನ ನಲ್ಲಿಯವರೆಗೆ ಹೋಗಿ ಮುಖ ತೊಳೆದ, ಡಬ್ಬಿಯ ಉಪ್ಪಿಟ್ಟು ತಿಂದ, ಮತ್ತೆ ವಾಪಸು ಬಂದು ಕುಳಿತ. ಅಂದು ಆದದ್ದು ಅಷ್ಟೇ. ಅಷ್ಟಕ್ಕೇ ನಾನು ಆಟೋದಲ್ಲಿ ದಾರಿಯುದ್ದಕ್ಕೂ ಅತ್ತೆ.

ಆಮೇಲೆ ಅದು ವಠಾರದ ಕೆಲಸವಾಯಿತು. ಬೆಳಗಿನದು ಓನರಮ್ಮನ ಶಿಫ್ಟು. ಗದಗ ಕಡೆಯ ಹೆಂಗಸೊಬ್ಬರು ಮೂಲೆ ಮನೆಯಲ್ಲಿದ್ದರು, ಗಾರ್ಮೆಂಟ್ಸ್ ಕೆಲಸ. ಅವರು ತಮ್ಮ ರಜೆಯ ದಿನ ಕೂರುತ್ತಿದ್ದರು. ಮಧ್ಯಾಹ್ನ ಬಾಡಿಗೆ ಇಲ್ಲದ ಹೊತ್ತಿನಲ್ಲಿ ಆಟೋದವರು. ಸಂಜೆ ನಾನು. ಅಣ್ಣ ಮಾತ್ರ ಪ್ರತಿಯೊಬ್ಬರಿಗೂ ಮಿಷಿನ್ ವಹಿಸಿಕೊಟ್ಟೇ ಏಳುತ್ತಿದ್ದ. ಮೊದಲು ಟೀ ಅಂಗಡಿಯವರೆಗೆ, ಆಮೇಲೆ ಕ್ಷೌರದಂಗಡಿಯವರೆಗೆ, ಆಮೇಲೆ ಮನೆಗೆ ಬಂದು ಸ್ನಾನ ಮಾಡಿ ಹೋಗುವಷ್ಟು. ಬಸ್ಸಿಗೆ ಕಾಯುವವರು ನಗುತ್ತಿದ್ದರು. ಓನರಮ್ಮನ ಮಗನಿಗೆ ಅವಮಾನವಾಗಿ, “ಅಮ್ಮಾ, ಬಸ್ ಸ್ಟಾಪಲ್ಲಿ ಹೋಗಿ ಕೂತ್ಕೊಂಡಿದೀಯಂತೆ? ಜನ ಏನಂತಾರೆ?” ಎಂದು ಅಂಗಳದಲ್ಲೇ ಕೇಳಿದ.

“ಕೂತಿವ್ನಿ. ನಿಂಗೇನ್ಲಾ ಕಷ್ಟ? ನಿನ್ ತಲೆ ಮ್ಯಾಲೆ ಕೂತಿದ್ದೀನಾ?”

ಸೆಕ್ಯೂರಿಟಿಯವನಿಗೂ ಖಡಕ್ಕಾಗಿ ಹೇಳಿದ್ದರು. “ವ್ಯಾನ್ ಬಂದ್ರೆ ಬರ್ಲಿ. ನನ್ನೂ ಅತ್ತಿಸ್ಕೊಂಡ್ ಓಗ್ಲಿ. ನಾನೂ ನೋಡ್ತೀನಿ.” ವ್ಯಾನು ಬರಲಿಲ್ಲ. ಸೆಕ್ಯೂರಿಟಿಯವನೇ ಬಿಸಿಲಿಗೆಂದು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟ.

ಆಟೋದವರ ಭಾನುವಾರದ ಸಭೆಯಲ್ಲಿ ಯಾರೋ ಹೇಳಿದರಂತೆ, ಇದು ಆಸ್ಪತ್ರೆಯಲ್ಲಿ ನೋಡುವ ಕಾಯಿಲೆ, ಬೇಗ ಕರೆದುಕೊಂಡು ಹೋಗಿ ಎಂದು. ದೊಡ್ಡ ಸರ್ಕಾರಿ ಆಸ್ಪತ್ರೆ ಊರಿನ ಆಚೆ ತುದಿಯಲ್ಲಿ. ಹೋಗಿ ಬರಲು ಇಡೀ ದಿನ ಬೇಕು. ಅಣ್ಣ ಒಪ್ಪುತ್ತಾನೆಯೇ ಎಂಬ ಭಯ ನನಗೆ. ಓನರಮ್ಮ ಅವನ ಎದುರು ಕುಳಿತು, “ಇವತ್ತು ನಾನ್ ಡಬಲ್ ಡ್ಯೂಟಿ ಮಾಡ್ತೀನಿ ಕಣಪ್ಪ. ನೀನ್ ಓಗಿ ತೋರಿಸ್ಕೊಂಡ್ ಬಾ. ನೀನ್ ಬರಗಂಟ ಏಳಾಕಿಲ್ಲ” ಎಂದರು. ಅವನು ಆಟೋ ಹತ್ತಿದ.

ಆಸ್ಪತ್ರೆಯಲ್ಲಿ ಕಾಯುವುದೇ ಕಾಯುವುದು. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ನಿಧಾನವಾಗಿ ಕೇಳಿದರು, ಅಣ್ಣನೂ ನಿಧಾನವಾಗಿ ಹೇಳಿದ. ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದರು, ವಾಸಿಯಾಗುತ್ತದೆ ಆದರೆ ಸಮಯ ಹಿಡಿಯುತ್ತದೆ ಎಂದರು. ಬಸ್ ಸ್ಟಾಪಿನ ಕಥೆ ಕೇಳಿ ಅವರು ಪೆನ್ನು ಕೆಳಗಿಟ್ಟರು. “ಈಗಲೂ ಅಲ್ಲಿ ಕೂತಿದಾರಾ?” ಎಂದು ಕೇಳಿದರು.

ನಾನು ಹೊರಗೆ ಬಂದು ಓನರಮ್ಮನಿಗೆ ಫೋನು ಮಾಡಿದೆ. ಬಿಸಿಲು ಸುಡುತ್ತಿತ್ತು. “ನೀವು ಮನೆಗೆ ಹೋಗಿಮ್ಮಾ. ನಾವು ಬರೋದು ಸಂಜೆ ಆಗುತ್ತೆ. ಅವನಿಗೇನು ಗೊತ್ತಾಗಲ್ಲ” ಎಂದೆ.

ಆ ಕಡೆಯಿಂದ ಲಾರಿಯ ಸದ್ದು. ಆಮೇಲೆ ಅವರ ದನಿ.

“ಏಳಾಕಿಲ್ಲ ಅಂತ ಯೋಳಿವ್ನಿ ಕಣವ್ವ. ಅವ್ನ್ಗೆ ಗೊತ್ತಾಗಾಕಿಲ್ಲ, ಸರಿ. ನಂಗ್ ಗೊತ್ತಾಗಾಕಿಲ್ವಾ?”

ಈ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ನಾವೆಲ್ಲ ಆ ಮಿಷಿನ್ ಅನ್ನು ಅಣ್ಣನ ಕಾಯಿಲೆ ಎಂದು ನೋಡುತ್ತಿದ್ದೆವು, ಅವನನ್ನು ಒಪ್ಪಿಸಲು ಒಂದು ಉಪಾಯ ಎಂದು ಕೂರುತ್ತಿದ್ದೆವು. ಅವರೊಬ್ಬರು ನಿಜವಾಗಿ ಡ್ಯೂಟಿ ಮಾಡುತ್ತಿದ್ದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಆಟೋ ಆ ರಸ್ತೆಗೆ ತಿರುಗಿತು. ಬಿಡಿಸಿದ ಛತ್ರಿ ದೂರದಿಂದಲೇ ಕಾಣುತ್ತಿತ್ತು. ಮುಡಿದ ಹೂವು ಬಾಡಿ ಜೋತಿತ್ತು. ಅಣ್ಣ ಗಾಡಿ ನಿಲ್ಲಿಸಲು ಹೇಳಿ ಇಳಿದ. ಮತ್ತೆ ಅಲ್ಲೇ ಕುಳಿತುಬಿಡುತ್ತಾನೆ ಎಂದು ನಾನು ಹಿಂದೆಯೇ ಇಳಿದೆ. ಅವನು ಅವರ ಎದುರು ಹೋಗಿ ನಿಂತ.

“ಸಾಕಮ್ಮ. ಏಳಿ, ಮನೆಗೋಗಣ.”

“ಮಿಷಿನ್ನು?”

ಅಣ್ಣ ಆ ಬೀಗದ ಗೇಟನ್ನು ನೋಡಿದ. “ಆಫ್ ಮಾಡ್ಬಿಡಿ.”

“ಎಲ್ಲೈತಪ್ಪಾ ಸುಚ್ಚು?”

ಅವನು ಬಸ್ ಸ್ಟಾಪಿನ ಕಂಬ ತೋರಿಸಿದ. ಓನರಮ್ಮ ಎದ್ದು ಆ ಕಂಬಕ್ಕೆ ಹೆಬ್ಬೆರಳು ಒತ್ತಿ ಹಿಡಿದರು, ಗಟ್ಟಿಯಾಗಿ, ತಾವೇ ನಂಬುವಷ್ಟು ಹೊತ್ತು. “ಆಯ್ತಾ?” ಎಂದರು. “ಆಯ್ತು” ಎಂದ ಅಣ್ಣ. ಮೂವರೂ ಆಟೋದಲ್ಲಿ ಇಕ್ಕಟ್ಟಾಗಿ ಕುಳಿತು ಲಗ್ಗೆರೆಗೆ ಬಂದೆವು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದೇನಲ್ಲ. ಮಾತ್ರೆಗೆ ಅವನ ಕೈ ನಡುಗುತ್ತಿತ್ತು, ಹಗಲೆಲ್ಲ ನಿದ್ದೆ ಎಳೆಯುತ್ತಿತ್ತು. ಒಮ್ಮೆ ಮಾತ್ರೆ ಬಿಟ್ಟುಬಿಟ್ಟ, ಮತ್ತೆ ಸದ್ದು ಶುರುವಾಗಿ ಕೆಲವು ವಾರ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಬಂದ ಮೇಲೆ ಓನರಮ್ಮ ಅವನಿಗೊಂದು ಕೆಲಸ ಹಚ್ಚಿದರು. ಬೆಳಗ್ಗೆ ನೀರಿನ ಮೋಟರ್ ಹಾಕುವುದು, ಟ್ಯಾಂಕು ತುಂಬಿದರೆ ನಿಲ್ಲಿಸುವುದು. ತಾವು ಕೆಳಗಿನಿಂದ “ಆಯ್ತಾ?” ಎಂದು ಕೂಗುತ್ತಿದ್ದರು. ಅವನು “ಆಯ್ತು” ಎನ್ನುತ್ತಿದ್ದ. ಇಡೀ ವಠಾರ ಅದು ಟ್ಯಾಂಕಿನ ವಿಚಾರ ಎಂದುಕೊಂಡಿತ್ತು. ಅವರು ಕೇಳುತ್ತಿದ್ದದ್ದು ಮಾತ್ರೆಯ ವಿಚಾರ. ಅವನ ಮಾತ್ರೆಯ ಸುದ್ದಿ ಹತ್ತು ಜನರ ಕಿವಿಗೆ ಬೀಳಬಾರದು ಎಂದು ಗಂಟಲು ಹರಿಯುವಂತೆ ಕೂಗಿಯೇ ಅದನ್ನು ಮುಚ್ಚಿಟ್ಟಿದ್ದರು.

ಇನ್ನು ಆ ಎಳ್ಳಿನ ವಿಷಯ. ಗದಗ ಕಡೆಯವರು ಗುರೆಳ್ಳು ಎನ್ನುವುದು ಮೊದಲಿನಿಂದಲೂ ಓನರಮ್ಮನಿಗೆ ನಗು. “ಗುರೆಳ್ಳಂತೆ! ಗುರ್ ಅಂತದಾ ಅದು?” ಎಂದು ಅಣಕಿಸುತ್ತಿದ್ದರು. ಗದಗದವರೂ ಬಿಡುತ್ತಿರಲಿಲ್ಲ, “ನಿಮ್ದರ ಏನ್ ಭಾರೀ ಹೆಸರೇನ್ರಿ?” ಎಂದು ತಿರುಗಿಸಿ ಕೊಡುತ್ತಿದ್ದರು. ಒಂದು ಬೆಳಗ್ಗೆ ಓನರಮ್ಮ ಮಹಡಿಯ ಮೇಲೆ ಎಳ್ಳು ಹರವಿ, ಕೆಳಗೆ ಬಗ್ಗಿ ಸೊಸೆಗೆ ಕೂಗಿದರು. “ಏಯ್, ಹುಚ್...”

ಮೆಟ್ಟಿಲ ಮೇಲೆ ಅಣ್ಣ ಕುಳಿತಿದ್ದ. ಬೀದಿಯ ಕೆಲವರು ಅವನನ್ನು ಕರೆಯುತ್ತಿದ್ದ ಪದ ಅದೇ. ಮಾತು ಬಾಯಲ್ಲೇ ನಿಂತಿತು. ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿದೆವು.

“ಗುರೆಳ್ಳು! ಗುರೆಳ್ಳು ಒಣಗಾಕಿವ್ನಿ, ಕಾಗೆ ಬಂದಾತು, ನೋಡ್ಕೊ!”

ಗದಗದವರು ಬಟ್ಟೆ ಒಗೆಯುತ್ತಿದ್ದವರು ಬಾಯಿಗೆ ಸೆರಗು ಅಡ್ಡ ಹಿಡಿದರು. ಆದರೆ ಗೆದ್ದೆ ಎಂದು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಓನರಮ್ಮನ ಮನೆಯಲ್ಲಿ ಅದು ಗುರೆಳ್ಳೇ. ಅವರು ಹೇಳಿದ ಮೇಲೆ ವಠಾರಕ್ಕೆಲ್ಲ ಗುರೆಳ್ಳು. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಪದವನ್ನು ಬಾಡಿಗೆ ಮನೆಯ ಒಬ್ಬ ಹುಡುಗನಿಗಾಗಿ ನುಂಗಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅಣ್ಣನಿಗೂ ತಿಳಿದಿತ್ತು. ಎಷ್ಟೋ ದಿನದ ಮೇಲೆ ಊಟ ಮಾಡುತ್ತಾ, “ನಂಗೋಸ್ಕರ ಎಳ್ಳಿಗೇ ಹೆಸರು ಬದಲಾಯಿಸಿದ್ರಲ್ಲೇ” ಎಂದು ತಟ್ಟೆ ನೋಡುತ್ತಾ ನಕ್ಕ. ಅವನು ಹಾಗೆ ಬಾಯಿತುಂಬ ನಗುವುದನ್ನು ಮತ್ತೆ ನೋಡುತ್ತೇನೆಂದು ನಾನು ಅಂದುಕೊಂಡಿರಲಿಲ್ಲ.

ಅಣ್ಣ ಮೆಲ್ಲಗೆ ಸುಧಾರಿಸಿಕೊಂಡ. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹಗಲು ಮಾತ್ರ ಕೆಲಸಕ್ಕೆ ಸೇರಿದ. ನನಗೆ ಮದುವೆಯಾಗಿ ಚಿಕ್ಕಬಾಣಾವರಕ್ಕೆ ಬಂದೆವು, ಅವನೂ ನಮ್ಮ ಜೊತೆಗೇ ಬಂದ. ಹೊರಡುವ ದಿನ ಓನರಮ್ಮ ನನ್ನ ಕೈಗೆ ಬಟ್ಟೆಯ ತಂತಿಯ ಸುರುಳಿ ಕೊಟ್ಟು, “ತಗಾ, ನಿನ್ ಮನೇಲಿ ನಿಂಗ್ ಇಷ್ಟ ಬಂದಂಗ್ ಕಟ್ಕೊ” ಎಂದರು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಜಗಳದ್ದೇ.

ಅವರು ತೀರಿಕೊಂಡು ಈಗ ಎರಡು ವರ್ಷದ ಮೇಲಾಯಿತು. ಹೃದಯ ನಿಂತುಹೋಯಿತಂತೆ, ಬೆಳಗ್ಗೆ ಅಂಗಳಕ್ಕೆ ಇಳಿಯುವ ಹೊತ್ತಿಗೆ. ಮಣ್ಣಿಗೆ ಹೋದೆವು. ಅಣ್ಣ ಅಳಲಿಲ್ಲ. ಎಲ್ಲರೂ ಹೊರಟ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು ಬಂದ. ಮತ್ತೆ ಕಾಯಿಲೆ ಮರುಕಳಿಸುತ್ತದೋ ಎಂದು ನಾನು ವಾರಗಟ್ಟಲೆ ಅವನ ಮುಖವನ್ನೇ ನೋಡಿಕೊಂಡಿದ್ದೆ. ಅವನು ದಿನಾ ಮಾತ್ರೆ ನುಂಗಿ ಕೆಲಸಕ್ಕೆ ಹೋದ. ವಠಾರವನ್ನು ಮಕ್ಕಳು ಕೆಡವಿಸಿದರು. ಈಗ ಅಲ್ಲಿ ಗಾಜು ಹಾಕಿದ ಪಿಜಿ ಕಟ್ಟಡ ನಿಂತಿದೆ.

ಕಳೆದ ತಿಂಗಳು ಅಣ್ಣ ಆಸ್ಪತ್ರೆಗೆ ಹೋಗಿದ್ದ. ಈಗ ಒಬ್ಬನೇ ಹೋಗಿ ಬರುತ್ತಾನೆ, ಮಧ್ಯಾಹ್ನಕ್ಕೆಲ್ಲ ಮನೆ ಸೇರುತ್ತಾನೆ. ಅಂದು ನಾಲ್ಕು ಗಂಟೆಯಾದರೂ ಬರಲಿಲ್ಲ. ಫೋನು ಮಾಡಿದರೆ, “ಲಗ್ಗೆರೇಲಿದೀನಿ ಕಣೇ” ಎಂದ. ಲಗ್ಗೆರೆ ಎಂದರೆ ಪಕ್ಕದಲ್ಲೇ ಪೀಣ್ಯ, ಆ ಗೇಟು, ಆ ಬಸ್ ಸ್ಟಾಪು... ಸಿಕ್ಕಿದ ಆಟೋ ಹತ್ತಿ ಓಡಿದೆ.

ಪಿಜಿಯ ಗೇಟಿನ ಹತ್ತಿರ ವಾಚ್‌ಮನ್ನಿನ ಪಕ್ಕ ಸ್ಟೂಲಿನ ಮೇಲೆ ಕುಳಿತಿದ್ದ. ಕೈಯಲ್ಲಿ ಟೀ ಲೋಟ. ಅಂಗಿ ಇಸ್ತ್ರಿಯಾಗಿತ್ತು, ಕಣ್ಣು ತಿಳಿಯಾಗಿದ್ದವು.

“ಭಾಳ ಹೊತ್ತಾತ್ರಿ ಮೇಡಂ ಬಂದು. ಏನೋ ಖುಷಿ ಸುದ್ದಿ ಅಂತ, ಇಲ್ಲಿ ಒಬ್ರು ಅಮ್ಮಾರಿದ್ರು ಅಂತ ಹೇಳಾಕತ್ತಿದ್ರು” ಎಂದ ವಾಚ್‌ಮನ್.

“ಯಾಕಣ್ಣಾ ಇಲ್ಲಿಗೆ ಬಂದೆ?” ಎಂದೆ.

“ಡಾಕ್ಟ್ರು ರಾತ್ರಿ ಮಾತ್ರೆ ನಿಲ್ಸಿದ್ರು. ಇನ್ಮೇಲೆ ಬೆಳಗ್ಗೇದೊಂದೇ ಸಾಕಂತೆ.”

“ನಿಲ್ಸಿದ್ರಾ? ಯಾಕೆ? ಯಾವ ಡಾಕ್ಟ್ರು? ಸರಿಯಾಗಿ ನೋಡಿದ್ರಾ? ಮತ್ತೆ ಏನಾದ್ರೂ ಆದ್ರೆ?”

ಅಣ್ಣ ಟೀ ಲೋಟ ಕೆಳಗಿಟ್ಟು ನನ್ನನ್ನು ನೋಡಿದ. ಬೇಸರವೇನೂ ಇರಲಿಲ್ಲ ಅವನ ಮುಖದಲ್ಲಿ.

“ನೋಡಿದ್ಯಾ, ಇದಕ್ಕೇ ಮೊದ್ಲು ಇಲ್ಲಿಗ್ ಬಂದಿದ್ದು.”

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಾನು ಅವನನ್ನು ಇಷ್ಟು ವರ್ಷ ಹೆದರಿಕೊಂಡೇ ನೋಡಿಕೊಂಡವಳು. ಅವನಿಗೆ ಅಂದು ಬೇಕಾಗಿದ್ದದ್ದು ಸುಮ್ಮನೆ ಖುಷಿಪಡುವ ಒಬ್ಬರು. ಅಂಥವರು ಅವನಿಗೆ ಇದ್ದದ್ದು ಒಬ್ಬರೇ. ಅವರಿಲ್ಲ ಎಂದು ಚೆನ್ನಾಗಿ ತಿಳಿದಿದ್ದೂ ಅವನು ಎರಡು ಬಸ್ಸು ಬದಲಿಸಿ ಬಂದು, ಅವರ ಅಂಗಳವಿದ್ದ ಜಾಗದಲ್ಲಿ ಕುಳಿತು, ಆ ಸುದ್ದಿಯನ್ನು ಗುರುತು ಪರಿಚಯವಿಲ್ಲದ ವಾಚ್‌ಮನ್ನಿಗೆ ಹೇಳಿದ್ದ.